ಮುಂದೆ ಗುಂಡಿ ಇರುವ ಅಂಗಿ

ಕುತ್ತಿಗೆಯ ಎಡಗಡೆ, ಕಾಲರಿನ ಅಂಚಿನಿಂದ ತುಸು ಕೆಳಗೆ, ಏನೂ ಆಗುತ್ತಿರಲಿಲ್ಲ. ನೋವಿಲ್ಲ, ಊತವಿಲ್ಲ, ಒತ್ತಿ ನೋಡಿದರೆ ಸಿಗುವಂಥದ್ದೂ ಏನಿಲ್ಲ. ಹೆಸರುಕಾಳಿನಷ್ಟಿರುವ ಗಡ್ಡೆ ಯಾರ ಬೆರಳಿಗೂ ಸಿಗುವುದಿಲ್ಲ, ಯಾರ ಗಂಟಲಿಗೂ ತಿಳಿಯುವುದಿಲ್ಲ, ತಿಳಿಯುತ್ತದೆ ಎಂದು ಹಟ ಹಿಡಿಯುವ ರೋಗಿಯನ್ನು ನಗುನಗುತ್ತಾ ಸಮಾಧಾನಪಡಿಸಬೇಕು ಎಂದು ವೈದ್ಯವಿದ್ಯಾರ್ಥಿಗಳ ಪುಸ್ತಕದಲ್ಲಿ ಅಧ್ಯಾಯ ಬರೆದವನೇ ಅವನು. ಆದರೂ ಬೆಳಗಿನ ಕಾಫಿಯ ಒಂದೊಂದು ಗುಟುಕೂ ಆ ಜಾಗದಲ್ಲಿ ಕ್ಷಣ ನಿಂತು, ಯಾರಪ್ಪಾ ನೀನು ಎಂದು ವಿಚಾರಿಸಿ, ಆಮೇಲೆ ಕೆಳಗಿಳಿಯುತ್ತಿತ್ತು. ಎದುರಿಗೆ ಕೂತ ಹೆಂಡತಿ ಪೇಪರಿನ ಹಿಂದಿನಿಂದ ನೋಡುತ್ತಿದ್ದಾಳೆಂಬ ಅನುಮಾನಕ್ಕೆ ಅವನು ಬೇಕೆಂದೇ ದೊಡ್ಡ ಗುಟುಕು ನುಂಗಿ ಬಾಯಿ ಸುಟ್ಟುಕೊಂಡ. ಬಾಗಿಲ ಬಳಿ ಅವನ ಸೂಟ್‌ಕೇಸ್ ನಿಂತಿತ್ತು. ಮದುವೆಯಾದ ಮೇಲೆ ತನ್ನ ಪೆಟ್ಟಿಗೆಯನ್ನು ತಾನೇ ತುಂಬಿದ್ದು ಇದೇ ಮೊದಲು. ಕಳ್ಳತನಕ್ಕೆ ಮನೆಯವರ ಸಹಾಯ ಕೇಳುವುದಕ್ಕಾಗುತ್ತದೆಯೇ. ಎರಡು ದಿನದ ಸಮ್ಮೇಳನ, ಸಂಜೆಯ ರೈಲಿಗೆ ಹೊರಡುತ್ತೇನೆ ಎಂದಿದ್ದ. ಅವಳು ಹೂಂ ಎಂದಿದ್ದಳು. ಸಮ್ಮೇಳನವೂ ಇಲ್ಲ, ಮಣ್ಣೂ ಇಲ್ಲ. ನಾಳೆ ಬೆಳಿಗ್ಗೆ ಬೇರೊಂದು ಊರಿನ ಬೇರೊಂದು ಆಸ್ಪತ್ರೆಯಲ್ಲಿ ಅವನ ಕುತ್ತಿಗೆ ಕೊಯ್ಯಲಿದ್ದರು. ಚಿಕ್ಕ ಗಡ್ಡೆಗೆ ಕತ್ತಿ ಬೇಡ, ಕಾದು ನೋಡಿ ಎಂದು ಅರ್ಧ ಆಯುಷ್ಯ ಊರಿಗೆಲ್ಲ ಸಾರಿದವನ ಕುತ್ತಿಗೆ.

ಸೂಟ್‌ಕೇಸ್ ಎತ್ತಿದಾಗ ತಾನು ತುಂಬಿದ್ದಕ್ಕಿಂತ ಭಾರವಾಗಿದೆ ಅನ್ನಿಸಿತು. ನಾಲ್ಕು ಅಂಗಿ, ಎರಡು ಪೈಜಾಮ ಇಷ್ಟು ತೂಗುತ್ತವೆಯೇ. ಹೆದರಿದವನಿಗೆ ಹಗ್ಗವೂ ಹಾವು, ಅಂಗಿಯೂ ಕಲ್ಲು ಎಂದುಕೊಂಡು ಅದನ್ನು ಕಾರಿನ ಡಿಕ್ಕಿಗೆ ಹಾಕಿದ. ಕಾರು ಹೆಂಡತಿಯದು, ಅವಳು ಡ್ರೈವಿಂಗ್ ಸ್ಕೂಲ್ ನಡೆಸುತ್ತಾಳೆ. ಅವನಿಗೆ ಕಾರು ಓಡಿಸಲು ಬರುವುದಿಲ್ಲ. ದಾರದ ಎಳೆಯಂಥ ನರವನ್ನು ಗಡ್ಡೆಯಿಂದ ಬಿಡಿಸಿ, ರೋಗಿಯ ದನಿ ಕೆಡದಂತೆ ಕಾಪಾಡುವ ಕೈ, ಸ್ಟೇರಿಂಗ್ ಹಿಡಿದರೆ ಗಡಗಡ. ಮದುವೆಯಾದ ಹೊಸತರಲ್ಲಿ ಅವಳು ಕಲಿಸಲು ನೋಡಿ, ಒಂದು ಹಾಲಿನ ಬೂತಿಗೆ ಗುದ್ದಿದ ಮೇಲೆ, ನೀವು ಮನುಷ್ಯರನ್ನು ಕೊಯ್ದುಕೊಂಡಿರಿ, ರಸ್ತೆಯನ್ನು ನನಗೆ ಬಿಡಿ ಎಂದು ಕೈಮುಗಿದಿದ್ದಳು. ಅಂದಿನಿಂದ ದಿನವೂ ಅವಳೇ ಆಸ್ಪತ್ರೆಗೆ ಬಿಡುತ್ತಾಳೆ, ಅವನು ಪಕ್ಕದಲ್ಲಿ, ಕಲಿಸುವವರ ಸೀಟಿನಲ್ಲಿ ಕೂರುತ್ತಾನೆ. ಆ ಸೀಟಿನ ಮುಂದೆ, ಕಾಲ ಬಳಿಯೂ ಒಂದು ಬ್ರೇಕ್ ಇದೆ. ಇವತ್ತು ಸಿಗ್ನಲ್ಲಿನ ಹತ್ತಿರ ಒಬ್ಬ ಸೈಕಲ್ಲಿನವನು ಅಡ್ಡ ಬಂದಾಗ ಅವನ ಬೂಟು ತಾನಾಗಿಯೇ ಅದನ್ನು ಒತ್ತಿಬಿಟ್ಟಿತು. ಕಾರು ಜರ್ರೆಂದು ನಿಂತಿತು, ಹಿಂದಿನವರು ಹಾರನ್ ಹೊಡೆದರು. ಅವಳು ಬೈಯಲಿಲ್ಲ. ತನ್ನ ಶಿಷ್ಯರಿಗೆ ಹೇಳುವುದನ್ನೇ ರಸ್ತೆಯನ್ನು ನೋಡುತ್ತಾ ಹೇಳಿದಳು. ಈ ಸೀಟಿನಲ್ಲಿ ಕೂತವರ ಕಾಲು ಸದಾ ಬ್ರೇಕಿನ ಮೇಲಿರಬೇಕು, ಒತ್ತಬಾರದು. ಸುಮ್ಮಸುಮ್ಮನೆ ಒತ್ತಿದರೆ ಪಕ್ಕದವರಿಗೆ ಜನ್ಮದಲ್ಲಿ ಕಲಿಯಲಾಗುವುದಿಲ್ಲ. ಈ ಮಾತನ್ನು ಅವನು ಎಷ್ಟು ಸಲ ಕೇಳಿದ್ದನೋ. ಇವತ್ತು ತನಗೇ ಹೇಳಿದಂತೆ ಕೇಳಿಸಿತು. ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಂಡನಂತೆ; ಅವನು ಕುತ್ತಿಗೆ ಮುಟ್ಟಿ ನೋಡಿಕೊಂಡ.

ಎಲ್ಲ ಶುರುವಾದದ್ದು ಆ ಹಾಳು ಯಂತ್ರದಿಂದ. ಹೋದ ತಿಂಗಳು ಹೊಸ ಸ್ಕ್ಯಾನ್ ಯಂತ್ರ ಮಾರಲು ಒಬ್ಬ ಬಂದಿದ್ದ, ತಲೆಗೆ ಎಣ್ಣೆ ಹಚ್ಚಿ ಬಾಚಿದ, ಮಾತು ಮಾತಿಗೂ ಸಾರ್ ಎನ್ನುವ ಮನುಷ್ಯ. ತೋರಿಸಲು ಯಾರದಾದರೂ ಒಂದು ಕುತ್ತಿಗೆ ಬೇಕಲ್ಲ ಸಾರ್ ಎಂದ. ಕಿರಿಯ ಡಾಕ್ಟರುಗಳೆಲ್ಲ ಒಬ್ಬರ ಹಿಂದೊಬ್ಬರು ಸರಿದಾಗ ಅವನೇ ಟೈ ಬಿಚ್ಚಿ ಮಂಚದ ಮೇಲೆ ಮಲಗಿದ. ಇಷ್ಟು ವರ್ಷ ಬೇರೆಯವರ ಕುತ್ತಿಗೆಗೆ ಕೈ ಹಾಕಿದ್ದೇನೆ, ಇವತ್ತು ನನ್ನದಕ್ಕೂ ಯಾರಾದರೂ ಹಾಕಲಿ ಎಂದು ನಗಿಸಿದ. ಇರಲಾರದೆ ಇರುವೆ ಬಿಟ್ಟುಕೊಂಡರು ಎನ್ನುವುದು ಇದಕ್ಕೇ. ತಣ್ಣನೆಯ ಜೆಲ್ ಹಚ್ಚಿ ಅತ್ತಿತ್ತ ಸವರಿದ ಯಂತ್ರದವನು, ನೋಡಿ ಸಾರ್, ಎಷ್ಟು ಚಿಕ್ಕದಿದ್ದರೂ ಹೇಗೆ ಎದ್ದು ಕಾಣುತ್ತದೆ ಎಂದು ಹೆಮ್ಮೆಯಿಂದ ಪರದೆಯನ್ನು ಇವನ ಕಡೆ ತಿರುಗಿಸಿದ. ಅಕ್ಷರ ಬಲ್ಲವನಿಗೆ ಓದಬೇಡ ಎಂದರೆ ಆಗುತ್ತದೆಯೇ. ಅಂಚು ಸರಿಯಿಲ್ಲದ ಒಂದು ಕಪ್ಪು ಚುಕ್ಕೆ, ಅದರೊಳಗೆ ಉಪ್ಪು ಉದುರಿಸಿದ ಹಾಗೆ ಬಿಳಿ ಕಣಗಳು. ಕೋಣೆಯಲ್ಲಿ ಯಾರೂ ನಗಲಿಲ್ಲ. ಅವನ ಕೈಕೆಳಗೆ ಕಲಿತು ಈಗ ಅವನ ಪಕ್ಕದ ಮೇಜಿನಲ್ಲೇ ರೋಗಿಗಳನ್ನು ನೋಡುವ ಶಿಷ್ಯೆ ಮಾತ್ರ ಮೆತ್ತಗೆ ಬಂದು ಯಂತ್ರದವನ ಕೈಯಿಂದ ಹಿಡಿಕೆಯನ್ನು ತೆಗೆದುಕೊಂಡು, ಅಳತೆ ಹಿಡಿದು, ಪರದೆ ಆರಿಸಿದಳು. ಸೂಜಿ ಚುಚ್ಚಿ ಪರೀಕ್ಷೆಗೆ ಕಳಿಸಿದ್ದೂ ಅವಳೇ. ಉತ್ತರ ಬಂತು. ಥೈರಾಯ್ಡಿನ ಕ್ಯಾನ್ಸರು, ಚಿಕ್ಕದು, ನರದಿಂದ ದೂರ, ಬೇರೆಲ್ಲಿಗೂ ಹರಡಿಲ್ಲ. ನಿಮ್ಮ ಲೆಕ್ಕದ ಪ್ರಕಾರ ಕಾಯುವಂಥದ್ದೇ ಅಲ್ಲವಾ ಸಾರ್ ಎಂದಳು. ಅಲ್ಲದೆ ಮತ್ತೆ ಎಂದ. ಆ ಯಂತ್ರವನ್ನು ಆಸ್ಪತ್ರೆ ಕೊಂಡುಕೊಂಡಿತು. ಇಷ್ಟಾದ ಮೇಲೆ ಚೆನ್ನಾಗಿಲ್ಲ ಎನ್ನಲು ಯಾರಿಗೂ ಬಾಯಿ ಬರಲಿಲ್ಲ.

ಆಸ್ಪತ್ರೆಯ ಉದ್ದನೆಯ ಹಜಾರದಲ್ಲಿ ಬೆಂಚುಗಳು ಆಗಲೇ ತುಂಬಿದ್ದವು. ಅವನು ಜನರನ್ನು ಗುರುತಿಸುವುದು ಮುಖದಿಂದಲ್ಲ, ಕುತ್ತಿಗೆಯಿಂದ. ಹೆಂಡತಿ ಇದನ್ನು ಎಲ್ಲರಿಗೂ ಹೇಳಿ ನಗುತ್ತಾಳೆ: ಅಂಗಡಿಯಲ್ಲಿ ಯಾರೋ ನಮಸ್ಕಾರ ಎಂದರೆ ಇವರು ಪಿಳಿಪಿಳಿ ನೋಡುತ್ತಾರೆ, ಮಫ್ಲರ್ ಜಾರಿ ಗಾಯದ ಗೆರೆ ಕಂಡ ಕೂಡಲೇ, ಓಹೋ ಹೇಗಿದ್ದೀರಿ, ಮಗನಿಗೆ ಕೆಲಸ ಸಿಕ್ಕಿತಾ ಎನ್ನುತ್ತಾರೆ. ಈ ಕಾಯುವ ಕಥೆ ಹುಟ್ಟಿದ್ದೂ ಒಂದು ಕುತ್ತಿಗೆಯಿಂದಲೇ. ಆಗ ಅವನು ಇನ್ನೂ ಕಲಿಯುತ್ತಿದ್ದ. ಕಲಿಸುತ್ತಿದ್ದ ದೊಡ್ಡ ಡಾಕ್ಟರದು ಒಂದೇ ಮಂತ್ರ, ಕಿತ್ತರೆ ಬೇರು ಸಮೇತ. ಸಾಸಿವೆಯಷ್ಟಿದ್ದರೂ ಇಡೀ ಥೈರಾಯ್ಡು ಹೊರಗೆ, ರೋಗಿಗೆ ಜೀವನಪೂರ್ತಿ ಮಾತ್ರೆ. ಒಂದು ಬೆಳಿಗ್ಗೆ ಆಪರೇಷನ್ನಿಗೆ ಸಿದ್ಧಳಾಗಿದ್ದ ಹೊಲಿಗೆ ಕೆಲಸದವಳೊಬ್ಬಳು ಆಸ್ಪತ್ರೆಯ ಗೌನಿನ ಮೇಲೆ ಕೋಟು ಹಾಕಿಕೊಂಡು ವಾರ್ಡಿನಿಂದ ಪರಾರಿಯಾದಳು. ಬೈಗುಳ ತಿಂದವನು ಇವನು, ಬಾಗಿಲು ಕಾಯಲೂ ಬಾರದವನು ಎಂದು. ಎಷ್ಟೋ ವರ್ಷದ ಮೇಲೆ, ಮಗಳ ಗಂಟಲು ತೋರಿಸಲು ಬಂದ ಹೆಂಗಸಿನ ಕುತ್ತಿಗೆಯನ್ನು ನೋಡಿ ಅವನಿಗೆ ಥಟ್ಟನೆ ಗುರುತು ಹತ್ತಿತು. ನೀವು ಓಡಿಹೋದವರಲ್ಲವೇ ಎಂದ. ಅವಳು ಮತ್ತೆ ಓಡಲು ಎದ್ದಳು. ಕಾಡಿ ಬೇಡಿ ಕೂರಿಸಿ ಸ್ಕ್ಯಾನ್ ಮಾಡಿದರೆ, ಗಡ್ಡೆ ಬಿಟ್ಟ ಜಾಗದಲ್ಲೇ, ಬಿಟ್ಟಷ್ಟೇ ಇತ್ತು. ಬೆಳೆದಿದ್ದು ಅವಳ ಮಗಳು ಮಾತ್ರ. ಅಂದು ಮನೆಗೆ ಹೋಗಿ ಊಟ ಮಾಡದೆ ಅಡುಗೆಮನೆಯಲ್ಲಿ ಅತ್ತಿತ್ತ ಓಡಾಡಿದ್ದು ಅವನಿಗೆ ಇವತ್ತಿಗೂ ನೆನಪಿದೆ. ಎಂಥ ಸಂತೋಷ! ಬೇರೆ ಯಾವ ಸಂತೋಷವೂ ಅಷ್ಟು ಹಗುರವಾಗಿರಲಿಲ್ಲ. ಆಮೇಲೆ ಆಪರೇಷನ್ ಬೇಡವೆಂದವರನ್ನೆಲ್ಲ ಹುಡುಕಿ, ಅಂಗಲಾಚಿ, ವರ್ಷ ವರ್ಷ ಕರೆಸಿ ಅಳೆದ. ಅಪರೂಪಕ್ಕೆ ಬೆಳೆದವನ್ನು ತೆಗೆದ, ಅವರೂ ಚೆನ್ನಾಗಿಯೇ ಇದ್ದಾರೆ. ಉಳಿದವು ಇದ್ದಲ್ಲೇ ಇದ್ದವು. ಮೊದಲ ಸಲ ಇದನ್ನು ಸಭೆಯಲ್ಲಿ ಓದಿದಾಗ ಜನ ಕೆಮ್ಮಿದರು, ಕುರ್ಚಿ ಎಳೆದಾಡಿದರು. ಹಾಸ್ಟೆಲಿನಿಂದಲೂ ಇವನನ್ನು ಆಮೆ ಎಂದು ಕರೆಯುತ್ತಿದ್ದ, ಸಿಕ್ಕಿದ್ದನ್ನೆಲ್ಲ ಕಡಿಯುವುದಕ್ಕೆ ಕೊಡಲಿ ಎಂದು ಹೆಸರಾಗಿದ್ದ ಸಹಪಾಠಿ ಎದ್ದು ನಿಂತು, ನಿನ್ನ ಕುತ್ತಿಗೆಯಲ್ಲೇ ಇದ್ದಿದ್ದರೆ ಏನು ಮಾಡುತ್ತಿದ್ದೆ ಎಂದು ಕೇಳಿದ. ಇವನು ಮೈಕಿಗೆ ಬಾಯಿ ಹತ್ತಿರ ತಂದು, ಎದುರಿಗೆ ರೋಗಿಯೇ ಕೂತಂತೆ, ನಿಮ್ಮ ಜಾಗದಲ್ಲಿ ನಾನಿದ್ದರೂ ಕಾಯುತ್ತೇನೆ ಎಂದ. ಸಭೆ ಚಪ್ಪಾಳೆ ತಟ್ಟಿತು. ಆ ಮಾತು ಅವನಿಗೆ ಎಷ್ಟು ರುಚಿಸಿತೆಂದರೆ ಅಂದಿನಿಂದ ಪ್ರತಿ ರೋಗಿಗೂ ಕೊನೆಯಲ್ಲಿ ಅದನ್ನೇ ಹೇಳಿ ಕಳಿಸುತ್ತಾನೆ.

ನಾಳೆ ಅವನ ಕುತ್ತಿಗೆ ಕೊಯ್ಯಲಿದ್ದವನು ಆ ಕೊಡಲಿಯೇ. ಬೇರೆ ಯಾರ ಹತ್ತಿರ ಹೋದರೂ ಸುದ್ದಿಯಾಗುತ್ತದೆ. ಮತ್ತೆ, ನಿಜ ಹೇಳಬೇಕೆಂದರೆ, ಅವನಷ್ಟು ಒಳ್ಳೆಯ ಕೈ ಇನ್ನೊಂದಿಲ್ಲ. ಫೋನಿನಲ್ಲಿ ವಿಷಯ ಕೇಳಿದೊಡನೆ ಅವನು ಗಹಗಹಿಸಿ ನಗುತ್ತಾನೆ, ನಕ್ಕರೆ ಒಂದಷ್ಟು ಬೈದು ಹಗುರಾಗೋಣ ಎಂದುಕೊಂಡಿದ್ದ. ಕೊಡಲಿ ನಗಲಿಲ್ಲ. ಬಾರೋ, ಯಾರಿಗೂ ಹೇಳಲ್ಲ ಎಂದ, ಮಗುವಿಗೆ ಹೇಳುವ ಹಾಗೆ. ಅದೇ ಇವನನ್ನು ಹೆಚ್ಚು ಚುಚ್ಚಿತು.

ಕೋಣೆಗೆ ಮೊದಲು ಬಂದವನು ಬೇಕರಿಯವನು. ಬಾಗಿಲಿಗೆ ತುಂಬುವಂಥ ಆಳು, ಮುಂಗೈಯಲ್ಲಿ ಒಲೆಯ ಸುಟ್ಟ ಕಲೆಗಳು, ಮೈಯಿಂದ ಬಿಸಿ ಬ್ರೆಡ್ಡಿನ ವಾಸನೆ. ಗಡ್ಡೆ ಎಡಗಡೆ, ಚಿಕ್ಕದು, ನರದಿಂದ ದೂರ. ಅಳತೆಯನ್ನು ಇವನು ಎರಡು ಸಲ ಓದಿದ. ಯಾರೋ ತನ್ನದನ್ನೇ ತಂದು ಮೇಜಿನ ಮೇಲಿಟ್ಟಿದ್ದರು. ಆದರೂ ನಾಲಿಗೆಗೆ ದಾರಿ ಗೊತ್ತಿತ್ತು, ಅದು ತಾನಾಗಿ ಹೊರಟಿತು. ಇಂಥವು ಹೆಚ್ಚಿನಂಶ ಬೆಳೆಯುವುದಿಲ್ಲ, ಆರು ತಿಂಗಳಿಗೊಮ್ಮೆ ನೋಡೋಣ, ಬೆಳೆದರೆ ಆಗ ತೆಗೆದರೂ ತಡವಾಗುವುದಿಲ್ಲ, ಈಗಲೇ ಬೇಕೆಂದರೆ ತೆಗೆಯುತ್ತೇನೆ, ಅದೂ ತಪ್ಪಲ್ಲ, ಆದರೆ ತೆಗೆದರೆ ದನಿಗೆ ಸ್ವಲ್ಪ ಅಪಾಯ, ಬಹುಶಃ ದಿನಾ ಮಾತ್ರೆ. ಬೇಕರಿಯವನು ಟೋಪಿಯನ್ನು ಹಿಂಡುತ್ತಾ ಕೇಳಿದ. ಒಲೆಯೊಳಗಿನಿಂದ ಸೀದ ವಾಸನೆ ಬಂದ ಮೇಲೆ ಸುಮ್ಮನೆ ಕೂತು ಲೆಕ್ಕ ಹಾಕುವುದು ಹೇಗೆ ಎನ್ನುವುದು ಅವನ ತಕರಾರು. ತಾಳಿದವನು ಬಾಳಿಯಾನು ಎಂದು ಇವನು ಹೇಳಿದ. ಬ್ರೆಡ್ಡಿನ ವಿಷಯದಲ್ಲಿ ತಾಳಿದರೆ ಇದ್ದಿಲು ಎಂದು ಅವನು ಹೇಳಿದ. ಪಕ್ಕದ ಮೇಜಿನಲ್ಲಿ ಶಿಷ್ಯೆ ಬರೆಯುತ್ತಿದ್ದವಳು ನಕ್ಕಳು. ಈಗ ಆ ಕೊನೆಯ ಮಾತಿನ ಸರದಿ. ನಿಮ್ಮ ಜಾಗದಲ್ಲಿ, ಎಂದು ಶುರುಮಾಡಿದ. ಅಲ್ಲಿಗೇ ನಿಲ್ಲಿಸಿ ನೀರು ಕುಡಿದ. ನೀರು ಆ ಜಾಗದಲ್ಲಿ ನಿಂತು, ವಿಚಾರಿಸಿ, ಇಳಿಯಿತು.

"ಹೇಳಿ ಡಾಕ್ಟ್ರೇ," ಎಂದ ಬೇಕರಿಯವನು. "ನಿಮಗೇ ಬಂದಿದ್ರೆ ಏನ್ ಮಾಡ್ತಿದ್ರಿ?"

ಹೇಳಿಬಿಡಬಹುದಿತ್ತು. ಸಾವಿರ ಸಲ ಹೇಳಿದ ಮಾತು, ಇನ್ನೊಂದು ಸಲ ಹೇಳಿದರೆ ಹಲ್ಲು ಉದುರುತ್ತಿರಲಿಲ್ಲ. ಬೆಕ್ಕು ಕಣ್ಣು ಮುಚ್ಚಿ ಹಾಲು ಕುಡಿದ ಹಾಗೆ, ಸಂಜೆ ರೈಲು ಹತ್ತಬಹುದಿತ್ತು. ಒಂದು ತಿಂಗಳು ಮಫ್ಲರ್ ಸುತ್ತಿಕೊಂಡರೆ ಯಾರಿಗೆ ತಿಳಿಯುತ್ತಿತ್ತು. ಆದರೆ ಎದುರಿಗಿದ್ದ ದೊಡ್ಡ ಮುಖ ಬೆವರುತ್ತಿತ್ತು, ಆ ಬೆವರು ಹೇಗಿರುತ್ತದೆಂದು ಈ ಒಂದು ತಿಂಗಳಲ್ಲಿ ಅವನಿಗೆ ಗೊತ್ತಾಗಿತ್ತು. ಮೊದಲು ಗೊತ್ತಿರಲಿಲ್ಲ. ಇಷ್ಟು ವರ್ಷ ಗೊತ್ತಿಲ್ಲದೆಯೇ ನಗುನಗುತ್ತಾ ಸಮಾಧಾನ ಮಾಡಿದ್ದ. ಅವನಿಗೆ ನಾಚಿಕೆಯಾಯಿತು.

"ನನಗೂ ಬಂದಿದೆ," ಎಂದ. "ಎಡಗಡೆನೇ. ನಿಮ್ಮಷ್ಟೇ ಇದೆ. ನಾಳೆ ತೆಗೆಸಿಕೊಳ್ಳೋಕೆ ಹೊರಟಿದ್ದೆ."

ಶಿಷ್ಯೆಯ ಪೆನ್ನು ನಿಂತಿತು. ಬೇಕರಿಯವನು ಸ್ವಲ್ಪ ಹೊತ್ತು ಅವನ ಕುತ್ತಿಗೆಯನ್ನೇ ನೋಡಿದ. ಹಾಗೆ ನೋಡಿಸಿಕೊಳ್ಳುವುದು ಹೇಗಿರುತ್ತದೆಂಬುದೂ ಡಾಕ್ಟರಿಗೆ ಹೊಸದು. ಆಮೇಲೆ, ನ್ಯಾಯವಾಗಿಯೇ, ಹಾಗಾದರೆ ನನ್ನದನ್ನೂ ತೆಗೆಯಿರಿ ಎಂದ. ಅಲ್ಲ, ಅದು ಹಾಗಲ್ಲ ಎಂದು ಇವನು ತಡವರಿಸಿದ. ಮತ್ತೆ ಹೇಗೆ ಎಂದ ಬೇಕರಿಯವನು. ಅಂಕಿ ಅಂಶ ಎಲ್ಲ ನಾನು ಹೇಳಿದಂತೆಯೇ ಇದೆ, ಒಂದೂ ಸುಳ್ಳಲ್ಲ ಎಂದ ಇವನು. ಹಾಗಿದ್ದ ಮೇಲೆ ನೀವು ಯಾಕೆ ಹೊರಟಿರಿ?

"ಹೆದರಿಕೆಗೆ," ಎಂದ ಅವನು.

ಹೇಳಿದ ಮೇಲೆ ಕೋಣೆ ಇದ್ದ ಹಾಗೇ ಇತ್ತು. ಫ್ಯಾನು ತಿರುಗುತ್ತಿತ್ತು. ಬೇಕರಿಯವನ ಮುಖ ಒಂಚೂರು ಸಡಿಲವಾಯಿತು, ಕುರ್ಚಿಯನ್ನು ಮೇಜಿನ ಹತ್ತಿರಕ್ಕೆ ಎಳೆದುಕೊಂಡ. ಬೆಳಗಿನ ಜಾವ ಎಚ್ಚರವಾಗುತ್ತದೆಯೇ ಎಂದು ಕೇಳಿದ. ಆಗುತ್ತದೆ. ಉಗುಳು ನುಂಗುವಾಗ ಲೆಕ್ಕ ಇಡುತ್ತೀರಾ? ಇಡುತ್ತೇನೆ. ಕನ್ನಡಿ ಮುಂದೆ ಕತ್ತು ಹೀಗೆ ಎತ್ತಿ? ಹೌದು, ಹಾಗೇ. ಇಬ್ಬರೂ ಕತ್ತೆತ್ತಿ ತೋರಿಸಿಕೊಂಡರು. ಶಿಷ್ಯೆಗೆ ನಗು ತಡೆಯಲಾಗಲಿಲ್ಲ, ಇಬ್ಬರಿಗೂ ಆಗಲಿಲ್ಲ. ನಗುತ್ತಿದ್ದಂತೆಯೇ ಅವನಿಗೆ ಹೊಳೆಯಿತು. ಇಷ್ಟು ವರ್ಷ ತಾನು ಅಳೆದದ್ದು ಗಡ್ಡೆಗಳನ್ನು. ಒಂದು ಸ್ಕ್ಯಾನಿನಿಂದ ಇನ್ನೊಂದರವರೆಗೆ ಆ ಗಡ್ಡೆ ಹೊತ್ತ ಮನುಷ್ಯ ಏನು ಮಾಡುತ್ತಾನೆ, ಹೇಗೆ ನಿದ್ದೆ ಮಾಡುತ್ತಾನೆ ಎಂದು ಒಂದು ದಿನ ಕೇಳಿರಲಿಲ್ಲ. ಎಂಥ ಮುಠ್ಠಾಳ ನಾನು ಎಂದುಕೊಂಡ, ಮತ್ತೆ ವಿಚಿತ್ರವೆಂದರೆ, ಖುಷಿಯಾಯಿತು. ಹೊಲಿಗೆಯವಳು ಸಿಕ್ಕ ದಿನದ ಆ ಹಗುರ ಎಲ್ಲಿತ್ತೋ, ಬಂದು ಎದೆಯಲ್ಲಿ ಕೂತಿತು.

ಅಷ್ಟರಲ್ಲಿ ಹೆಡ್ ಮಿಸ್ಸು ಬಾಗಿಲು ತಳ್ಳಿಕೊಂಡು ಬಂದರು. ಅವರು ನಿವೃತ್ತ ಮುಖ್ಯೋಪಾಧ್ಯಾಯಿನಿ, ಅವನ ರೋಗಿಗಳಲ್ಲೇ ಹಿರಿಯರು, ಕರೆಯುವವರೆಗೆ ಹೊರಗಿರುವ ಅಭ್ಯಾಸ ಅವರಿಗಿಲ್ಲ. ತಮ್ಮ ಗಡ್ಡೆಗೆ ಅವರು ಕೊನೇ ಬೆಂಚಿನವನು ಎಂದು ಹೆಸರಿಟ್ಟಿದ್ದಾರೆ: ಓದುವುದಿಲ್ಲ, ಗಲಾಟೆ ಮಾಡುವುದಿಲ್ಲ, ವರ್ಷ ವರ್ಷ ಅದೇ ಕ್ಲಾಸು. ಇಲ್ಲಿ ಏನು ನಗು, ಹೊರಗಿನವರು ಎಷ್ಟು ಹೊತ್ತು ಕಾಯಬೇಕು ಎಂದು ಗದರಿಸಿದರು. ಅವನು ಬೇಕರಿಯವನನ್ನು ಪರಿಚಯ ಮಾಡಿಕೊಟ್ಟ, ಹೊಸಬರು, ಹೆದರಿಕೊಂಡಿದ್ದಾರೆ ಎಂದ. ಒಂದು ಕ್ಷಣ ಬಿಟ್ಟು, ನಾನೂ ಹೊಸಬನೇ ಎಂದ. ಹೆಡ್ ಮಿಸ್ಸು ಕನ್ನಡಕದ ಮೇಲಿಂದ ಅವನನ್ನು ನೋಡಿದರು, ತಡವಾಗಿ ಬಂದ ಹುಡುಗನನ್ನು ನೋಡುವ ಹಾಗೆ. ಅಯ್ಯೋ ಪಾಪ ಎನ್ನಲಿಲ್ಲ. ಮೊದಮೊದಲು ಹೇಗೆ ಕಳೆದಿರಿ ಎಂದು ಅವನು ಕೇಳಿದ. ಇಷ್ಟು ವರ್ಷದಲ್ಲಿ ಮೊದಲ ಸಲ ಕೇಳಿದ.

"ಮೊದಲನೇ ವರ್ಷ ದಿನಾ ಬೆಳಿಗ್ಗೆ ಅವನ ಹಾಜರಿ ತಗೋತಿದ್ದೆ," ಎಂದರು ಹೆಡ್ ಮಿಸ್ಸು. "ಇದೀಯಾ? ಇದೀನಿ ಮಿಸ್. ಅದರಲ್ಲೇ ಬೆಲ್ ಹೊಡೆದುಬಿಡೋದು. ಒಂದು ದಿನ ಸಾಕಾಯ್ತು. ಹಾಜರಿ ಬಿಟ್ಟು ಪಾಠ ಶುರು ಮಾಡಿದೆ."

ನಿಮಗೂ ಹೆದರಿಕೆಯಾಗಿತ್ತು ಎಂದು ನನಗೆ ಯಾಕೆ ಹೇಳಲಿಲ್ಲ ಎಂದ. ನೀವು ಕೇಳಿದ್ದು ನುಂಗಲು ಕಷ್ಟವಾಗುತ್ತದೆಯೇ ಎಂದು ಮಾತ್ರ, ಕೇಳಿದ ಪ್ರಶ್ನೆಗೆ ಉತ್ತರ ಬರೆದೆ ಎಂದರು. ಬೇಕರಿಯವನು ಇಷ್ಟು ಹೊತ್ತೂ ಒಬ್ಬರಿಂದ ಒಬ್ಬರ ಕಡೆ ಕತ್ತು ತಿರುಗಿಸುತ್ತಿದ್ದವನು ಟೋಪಿ ಹಾಕಿಕೊಂಡು ಎದ್ದ. ಆರು ತಿಂಗಳು ನೋಡೋಣ ಎಂದ, ಆದರೆ ಒಂದು ಷರತ್ತು.

"ನೀವೂ ಕಾಯ್ಬೇಕು. ಅವತ್ತು ಇಬ್ಬರೂ ಒಟ್ಟಿಗೆ ತೋರಿಸೋಣ. ನೀವು ಕೈ ಕೊಟ್ರೆ ಗೊತ್ತಾಗುತ್ತೆ ನನಗೆ."

ಡಾಕ್ಟರು ರೋಗಿಯ ಜೊತೆ ಹೀಗೆಲ್ಲ ಪಂದ್ಯ ಕಟ್ಟಬಾರದು ಎಂದು ಯಾವ ಪುಸ್ತಕದಲ್ಲಾದರೂ ಬರೆದಿರುತ್ತದೆ, ಬಹುಶಃ ಅವನೇ ಬರೆದಿರುತ್ತಾನೆ. ನಡುವೆ ಯಾವಾಗ ಕಾಯುವುದು ಬೇಡವೆನ್ನಿಸಿದರೂ ನೀವು ಬಂದು ತೆಗೆಸಿಕೊಳ್ಳಬಹುದು ಎಂದ. ನೀವೂ ತೆಗೆಸಿಕೊಳ್ಳಬಹುದು, ಆದರೆ ನನಗೆ ಹೇಳಿ ಹೋಗಿ ಎಂದ ಬೇಕರಿಯವನು. ಅವನು ಕೈ ಚಾಚಿದ. ಒಲೆಯ ಮುಂದೆ ಕಾಯ್ದ ಆ ಅಂಗೈ ಬೆಚ್ಚಗಿತ್ತು, ಒದ್ದೆಯಾಗಿತ್ತು. ತನ್ನದೂ ಒದ್ದೆಯಾಗಿದೆ ಎಂದು ಆಮೇಲೆ ತಿಳಿಯಿತು. ಅವರಿಬ್ಬರೂ ಹೋದ ಮೇಲೆ ಶಿಷ್ಯೆ ತನ್ನ ಡೈರಿಯಲ್ಲಿ ಆರು ತಿಂಗಳ ಮುಂದಿನ ಹಾಳೆ ತೆಗೆದು ಎರಡು ಹೆಸರು ಬರೆದಳು. ಸಾರ್, ಅವತ್ತು ನಿಮ್ಮ ಕುತ್ತಿಗೆ ನಾನು ನೋಡುತ್ತೇನೆ, ನೀವು ಪರದೆ ಕಡೆ ತಿರುಗಬಾರದು ಎಂದಳು. ಆಯಿತು ತಾಯಿ ಎಂದ.

ಮಧ್ಯಾಹ್ನ ಮೆಟ್ಟಿಲ ಬಳಿ ನಿಂತು ಕೊಡಲಿಗೆ ಫೋನ್ ಮಾಡಿ, ಬರುವುದಿಲ್ಲ ಕಣೋ ಎಂದ. ಆ ಕಡೆ, ತಿಂಗಳಿಂದ ಇವನು ಕಾಯುತ್ತಿದ್ದ ಆ ಗಹಗಹ ನಗು ಕೇಳಿಸಿತು. ಆಮೆ ಕುತ್ತಿಗೆ ಒಳಗೆ ಎಳೆದುಕೊಂಡಿತು ಅನ್ನು ಎಂದ ಕೊಡಲಿ. ಬೆಳೆದರೆ ನಿನ್ನ ಹತ್ತಿರವೇ ಬರುತ್ತೇನೆ ಎಂದ ಇವನು. ಇನ್ನೆಲ್ಲಿಗೆ ಹೋಗುತ್ತೀಯೋ ಹೋಗು ನೋಡೋಣ ಎಂದ ಅವನು. ಅಲ್ಲಿಗೆ ಒಂದು ಕೆಲಸ ಮುಗಿಯಿತು. ಉಳಿದದ್ದು ದೊಡ್ಡದು, ಹೆಂಡತಿಗೆ ಹೇಳುವುದು.

ಸಂಜೆ ಅವಳು ಕಾರು ತಂದಳು. ಅವನು ಮತ್ತೆ ಅದೇ ಸೀಟಿನಲ್ಲಿ ಕೂತು, ಬೂಟನ್ನು ಬ್ರೇಕಿನಿಂದ ಆದಷ್ಟು ದೂರ ಇಟ್ಟುಕೊಂಡ. ವೃತ್ತದ ಬಳಿ, ಸ್ಟೇಷನ್ನಿಗೆ ಎಡಕ್ಕೆ ಮನೆಗೆ ಬಲಕ್ಕೆ ತಿರುಗುವಲ್ಲಿ, ಅವಳು ವೇಗ ತಗ್ಗಿಸಿ, ಎಲ್ಲಿಗೆ ಎಂದು ಕೇಳಿದಳು. ದಿನಾ ಹತ್ತಿದ ಶಿಷ್ಯರನ್ನು ಕೇಳುವ ಅದೇ ದನಿಯಲ್ಲಿ. ಮನೆಗೆ ಎಂದ. ಅವಳು ಯಾಕೆ ಎನ್ನಲಿಲ್ಲ, ಬಲಕ್ಕೆ ಸಿಗ್ನಲ್ ಹಾಕಿದಳು. ಹೇಗೆ ಶುರುಮಾಡಲಿ ಎಂದು ಅವನು ದಾರಿಯುದ್ದಕ್ಕೂ ಮಾತು ಜೋಡಿಸಿದ. ಜೋಡಿಸಿದ್ದೆಲ್ಲ ಡಾಕ್ಟರು ಮಾತಾಡಿದ ಹಾಗಿತ್ತು. ಅಂಗಿಗಳನ್ನು ತೆಗೆದಿಡುತ್ತಾ ಹೇಳಿದರಾಯಿತು, ಕೈಗೆ ಕೆಲಸವಿದ್ದರೆ ಬಾಯಿಗೆ ಧೈರ್ಯ ಎಂದುಕೊಂಡು, ಮನೆಗೆ ಬಂದವನೇ ಸೂಟ್‌ಕೇಸನ್ನು ಮಂಚದ ಮೇಲಿಟ್ಟು ತೆರೆದ. ಮೇಲೆ ಅವನ ನಾಲ್ಕು ಅಂಗಿಗಳು ಇಟ್ಟ ಹಾಗೇ ಇದ್ದವು. ಅವನ್ನು ಎತ್ತಿದರೆ ಕೆಳಗೆ ಅವಳ ಬಟ್ಟೆ. ಎರಡು ಜೊತೆ, ಇಸ್ತ್ರಿ ಮಾಡಿದ್ದು. ಅವಳ ಬಾಚಣಿಗೆ, ಓದುವ ಕನ್ನಡಕ, ಸ್ವೆಟರು, ಮತ್ತು ಫ್ಲಾಸ್ಕು. ಅವನು ಅಂಗಿಗಳನ್ನು ಕೈಯಲ್ಲಿ ಹಿಡಿದುಕೊಂಡೇ ನಿಂತ. ಅವಳು ಬಾಗಿಲಲ್ಲಿ ಕಾರಿನ ಕೀ ತಿರುಗಿಸುತ್ತಾ ನಿಂತಿದ್ದಳು.

ಹೇಗೆ ಗೊತ್ತಾಯಿತು ಎಂದು ಅವನು ಕೇಳುವ ಮೊದಲೇ ಅವಳೇ ಹೇಳಿದಳು. ಇಷ್ಟು ವರ್ಷ ಈ ಮನೆಯ ಫೋನಿನಲ್ಲಿ ರೋಗಿಗಳಿಗೆ ಅವನು ಹೇಳಿದ್ದನ್ನು ಅವಳು ಕೇಳಿಲ್ಲವೇ: ಆಪರೇಷನ್ನಿಗೆ ಬರುವಾಗ ಮುಂದೆ ಗುಂಡಿ ಇರುವ ಅಂಗಿ ತನ್ನಿ, ತಲೆಯ ಮೇಲಿಂದ ಎಳೆದು ಹಾಕುವಂಥದ್ದು ಬೇಡ, ಗಾಯಕ್ಕೆ ತಾಗುತ್ತದೆ. ರಾತ್ರಿ ಗುಂಡುಕತ್ತಿನ ಟೀ ಶರ್ಟು ಬಿಟ್ಟು ಬೇರೇನೂ ಹಾಕದವನು ಸಮ್ಮೇಳನಕ್ಕೆ ಹಗಲಿಗೂ ರಾತ್ರಿಗೂ ಬರೀ ಗುಂಡಿಯ ಅಂಗಿ ತುಂಬಿದರೆ ಇನ್ನೇನು ತಿಳಿದುಕೊಳ್ಳಬೇಕು. ಕೋಪ ಬಂತು ಎಂದಳು. ಅತ್ತುಬಿಟ್ಟೆ ಎಂದೂ ಹೇಳಿದಳು, ಅದನ್ನು ಹೇಳುವಾಗ ಕೀ ತಿರುಗಿಸುವುದು ನಿಂತಿತ್ತು. ಪುರಾಣ ಹೇಳುವುದಕ್ಕೆ, ಬದನೆಕಾಯಿ ತಿನ್ನುವುದಕ್ಕೆ ಎಂದು ಮುಖಕ್ಕೆ ಹೊಡೆದಂತೆ ಅಂದುಬಿಡೋಣ ಎನ್ನಿಸಿತಂತೆ.

"ಮತ್ತೆ ಯಾಕೆ ಸುಮ್ಮನಿದ್ದೆ?"

"ಕಾಲು ಬ್ರೇಕ್ ಮೇಲೇ ಇತ್ತು ರೀ," ಎಂದಳು. "ಒತ್ತಲಿಲ್ಲ ಅಷ್ಟೇ. ಎಡಕ್ಕೆ ಅಂದಿದ್ರೆ ನಾನೂ ರೈಲು ಹತ್ತುತ್ತಿದ್ದೆ."

ಅವನು ಮಂಚದ ಅಂಚಿನಲ್ಲಿ ಕೂತ. ಕ್ಷಮಿಸು ಎನ್ನಬೇಕೆಂದು ಬಾಯಿ ತೆರೆದರೆ ಹೆದರಿಕೆಯಾಗುತ್ತದೆ ಕಣೇ ಎಂಬ ಮಾತು ಬಂತು. ನನಗೂ ಆಗುತ್ತದೆ ಎಂದಳು, ಪಕ್ಕದಲ್ಲಿ ಬಂದು ಕೂತಳು. ಬೇಕರಿಯವನ ಕಥೆ, ಹಾಜರಿಯ ಕಥೆ ಎಲ್ಲ ಹೇಳಿದ. ಬೇಕರಿಯವನ ಕೈಗೆ ಕೈ ಕೊಟ್ಟದ್ದನ್ನು ಹೇಳಿದಾಗ ಅವಳಿಗೆ ನಗು ಬಂತು, ಅಂತೂ ನಿಮಗೂ ಒಬ್ಬ ಮೇಷ್ಟ್ರು ಸಿಕ್ಕಿದರು ಎಂದಳು. ಕತ್ತು ಎತ್ತಿ ಎಂದಳು. ಎತ್ತಿದ. ಎಲ್ಲಿ ಎಂದು ಕೇಳಿ, ಅವನು ತೋರಿಸಿದ ಕಡೆ ಬೆರಳಿಟ್ಟಳು. ಸಿಗುವುದಿಲ್ಲ, ಇಷ್ಟು ಚಿಕ್ಕದು ಯಾರ ಕೈಗೂ ಸಿಗುವುದಿಲ್ಲ ಎಂದ. ಸಿಗದಿದ್ದರೆ ಬೇಡ ಎಂದಳು, ಬೆರಳು ತೆಗೆಯಲಿಲ್ಲ.

ಆಮೇಲೆ ಇಬ್ಬರೂ ಬಟ್ಟೆಗಳನ್ನು ಬೀರುವಿಗೆ ವಾಪಸು ಜೋಡಿಸಿದರು. ಒಂದು ಅಂಗಿಯನ್ನು ಮಾತ್ರ ಅವಳು ಪೆಟ್ಟಿಗೆಯಲ್ಲೇ ಬಿಟ್ಟಳು, ಗುಂಡಿಗಳು ಗಟ್ಟಿಯಾಗಿವೆಯೇ ಎಂದು ಒಂದೊಂದಾಗಿ ಎಳೆದು ನೋಡಿ. ಅದರ ಪಕ್ಕ ತನ್ನದೂ ಒಂದು ಜೊತೆ ಇಟ್ಟಳು, ಫ್ಲಾಸ್ಕನ್ನು ಇಡಲೋ ಬೇಡವೋ ಎಂದು ಯೋಚಿಸಿ ಹೊರಗೆ ತೆಗೆದಳು, ಬೆಳಿಗ್ಗೆ ಬೇಕಾಗುತ್ತದೆ ಎಂದು. ಪೆಟ್ಟಿಗೆ ಮುಚ್ಚಿ ಅಟ್ಟದ ಮೇಲಿಡಿ ಎಂದಳು. ಅವನು ಸ್ಟೂಲು ಹತ್ತಿದ. ಅವಳು ಸ್ಟೂಲಿನ ಕಾಲು ಹಿಡಿದುಕೊಂಡು ನಿಂತಳು.